ಕಥೆಯ ಉದ್ದ ಎಷ್ಟು, ಅದರ ಮಾತು ಯಾರದು?

ಈ ವರ್ಷದ ಬೋಧನಾಭ್ಯಾಸದಲ್ಲಿ ನಮ್ಮ ಕನ್ನಡ ಪದ್ಧತಿಯ ಪ್ರಶಿಕ್ಷಣಾರ್ಥಿಗಳು ಹುಬ್ಬಳ್ಳಿ-ಧಾರವಾಡದ ಮತ್ತು ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಕಥೆಯ ಪಾಠಗಳನ್ನು ಬಹಳ ಕೊಟ್ಟರು. ಕಥೆ ಹೇಳುವುದು, ಸುಳಿವು ಕೊಟ್ಟು ಕಥೆ ಬೆಳೆಸುವುದು, ಮಕ್ಕಳಿಂದ ಸ್ವಂತ ಕಥೆ ಬರೆಸುವುದು, ಎಲ್ಲವೂ ಇದ್ದವು. ತಯಾರಿ ಚೆನ್ನಾಗಿತ್ತು. ಚಿತ್ರಪಟ, ಮಿಂಚುಪಟ್ಟಿಗಳಿಗೆ ಕೊರತೆ ಇರಲಿಲ್ಲ. ನನ್ನ ತಕರಾರು ಪಾಠ ಕೊಟ್ಟವರ ಮೇಲೆ ಅಲ್ಲ, ಪಾಠ ಅಳೆಯಲು ನಮ್ಮಲ್ಲಿ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿರುವ ಅವಲೋಕನ ಪತ್ರದ ಎರಡು ಕಾಲಂಗಳ ಮೇಲೆ. ಒಂದು, 'ಕಥೆಯ ಭಾಷೆ ಶುದ್ಧ ಗ್ರಾಂಥಿಕವಾಗಿದೆಯೇ?' ಇನ್ನೊಂದು, 'ಕಥೆ ನಿಗದಿತ ಮಿತಿಯಲ್ಲಿದೆಯೇ, 10ರಿಂದ 15 ಸಾಲು?' ಒಂದೊಂದಕ್ಕೆ 5 ಅಂಕ. ಈ ಹತ್ತು ಅಂಕಗಳು ಮಕ್ಕಳ ಕಥೆಗಳಿಗೆ ಏನು ಮಾಡುತ್ತಿವೆ ಎಂಬುದನ್ನು ಬೋಧನಾಭ್ಯಾಸದ ಈ ಪತ್ರಿಕೆಯಲ್ಲೇ ಚರ್ಚಿಸುವುದು ಯೋಗ್ಯ ಎನಿಸಿತು.

ಧಾರವಾಡದ ಹತ್ತಿರದ ಒಂದು ಹಳ್ಳಿಯ ಶಾಲೆ. ಏಳನೆಯ ತರಗತಿ. ಕೊಟ್ಟ ವಿಷಯ 'ಮರೆಯಲಾಗದ ಒಂದು ದಿನ'. ಒಬ್ಬ ಹುಡುಗಿ ಬರೆದದ್ದು ಇಷ್ಟು:

'ಅಪ್ಪ ಉಳ್ಳಾಗಡ್ಡಿ ಮಾರಾಕ ಹುಬ್ಬಳ್ಳಿಗೆ ಹೋಗಿದ್ದ. ಬರುವಾಗ ನನಗ ಪಾಟೀಚೀಲ ತರತೀನಿ ಅಂದಿದ್ದ. ನಾ ನಿದ್ದಿ ಮಾಡದ ಕುಂತಿದ್ದೆ. ರಾತ್ರಿ ಬಂದ. ಚೀಲ ತಂದಿದ್ದ. ಉಳ್ಳಾಗಡ್ಡಿ ಚೀಲ ಹಂಗ ಹೊಳ್ಳಿ ತಂದಿದ್ದ. ಅವ್ವ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.'

ಪ್ರಶಿಕ್ಷಣಾರ್ಥಿ ಇದನ್ನು ಕೆಂಪು ಮಸಿಯಲ್ಲಿ ತಿದ್ದಿದ್ದರು: 'ನನ್ನ ತಂದೆಯವರು ಈರುಳ್ಳಿಯನ್ನು ಮಾರಾಟ ಮಾಡಲು ಹುಬ್ಬಳ್ಳಿಗೆ ಹೋಗಿದ್ದರು. ಮರಳಿ ಬರುವಾಗ ನನಗಾಗಿ ಶಾಲಾ ಚೀಲವನ್ನು ತರುವುದಾಗಿ ಭರವಸೆ ನೀಡಿದ್ದರು. ಆದರೆ ಸೂಕ್ತ ಬೆಲೆ ದೊರೆಯದ ಕಾರಣ ಬರಿಗೈಯಲ್ಲಿ ಮರಳಿದರು. ನಮಗೆಲ್ಲ ತುಂಬಾ ದುಃಖವಾಯಿತು.' ಕೆಳಗೆ ಷರಾ: 'ಕಥೆ ಚಿಕ್ಕದಾಯಿತು. ವಿವರಿಸಿ ಬರೆ. ನೀತಿ ಬರೆದಿಲ್ಲ.' ಹತ್ತಕ್ಕೆ ನಾಲ್ಕು ಅಂಕ.

ನಮ್ಮ ಅವಲೋಕನ ಪತ್ರದ ಪ್ರಕಾರ ಈ ತಿದ್ದುಪಡಿಯಲ್ಲಿ ಲೋಪವಿಲ್ಲ. ಕಾಗುಣಿತ ಸರಿ, ವಿಭಕ್ತಿ ಸರಿ, ಗೌರವ ಬಹುವಚನವೂ ಬಂದಿದೆ. ಆದರೆ ಕಥೆ ಎಲ್ಲಿ ಹೋಯಿತು? ಆ ಹುಡುಗಿಯ ಕಥೆ ನಿಂತಿರುವುದೇ 'ಚೀಲ' ಎಂಬ ಒಂದು ಶಬ್ದದ ಮೇಲೆ. ಅವಳು ಕಾದದ್ದು ಪಾಟೀಚೀಲಕ್ಕೆ, ಬಂದದ್ದು ಉಳ್ಳಾಗಡ್ಡಿಯ ಚೀಲ. 'ಚೀಲ ತಂದಿದ್ದ' ಎಂಬಲ್ಲಿ ಓದುವವನಿಗೂ ಒಂದು ಕ್ಷಣ ಸಂತೋಷವಾಗುತ್ತದೆ, ಮುಂದಿನ ವಾಕ್ಯದಲ್ಲಿ ಅದು ಇಳಿಯುತ್ತದೆ. 'ಶಾಲಾ ಚೀಲ' ಎಂದು ಬರೆದು, 'ಬರಿಗೈಯಲ್ಲಿ ಮರಳಿದರು' ಎಂದು ಮುಗಿಸಿದಾಗ ಆ ಏರಿಳಿತ ಅಳಿಸಿಹೋಯಿತು. ವಿಚಿತ್ರವೆಂದರೆ, ಬರಿಗೈ ಎಂಬುದು ಸುಳ್ಳು ಕೂಡ. ಅವನ ಹೆಗಲ ಮೇಲೆ ಹೊರೆ ಇತ್ತು, ಹೋಗುವಾಗ ಇದ್ದ ಹೊರೆಯೇ.

ಇನ್ನು 'ಹೋಗಿದ್ದ', 'ಬಂದ' ಎಂಬ ಏಕವಚನ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಏಕವಚನವೇ. ಅದರಲ್ಲಿ ಅಗೌರವವಿಲ್ಲ, ಹತ್ತಿರವಿದೆ. 'ತಂದೆಯವರು' ಎಂದೊಡನೆ ಆ ಮನುಷ್ಯ ಹುಡುಗಿಯಿಂದ ನಾಲ್ಕು ಮಾರು ದೂರ ಸರಿದು, ಅರ್ಜಿಯಲ್ಲಿ ಬರುವ ಪಾಲಕನಾಗಿಬಿಡುತ್ತಾನೆ. ಕೊನೆಯ ಎರಡು ವಾಕ್ಯಗಳಲ್ಲಿ ಅವ್ವ ಕೇಳಲಿಲ್ಲ, ಮಗಳೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ಪೇಟೆಯ ದರ ಬಲ್ಲ ಯಾವ ಮನೆಗೂ ಗೊತ್ತು. ಅದರ ಜಾಗದಲ್ಲಿ 'ತುಂಬಾ ದುಃಖವಾಯಿತು' ಎಂದು ಹಾಕಿದರೆ ಇದ್ದ ದುಃಖವೂ ಹೋಗುತ್ತದೆ. ಎಂಟು ಪುಟ್ಟ ವಾಕ್ಯಗಳು ಈ ಕಥೆಗೆ ಸಾಕು. ಒಂಬತ್ತನೆಯದನ್ನು ಎಲ್ಲಿ ಸೇರಿಸಬಹುದೆಂದು ನಾನು ಹುಡುಕಿ ನೋಡಿದೆ, ಜಾಗ ಸಿಗಲಿಲ್ಲ.

ಅದೇ ವಾರ, ಇನ್ನೊಂದು ಶಾಲೆಯಲ್ಲಿ ಇದರ ತದ್ವಿರುದ್ಧ. ಒಬ್ಬ ಹುಡುಗ ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದದ್ದನ್ನು ನಾಲ್ಕು ಪುಟ ಬರೆದಿದ್ದ. ಎತ್ತಿನ ಕೊರಳ ಗೆಜ್ಜೆ, ದಾರಿಯಲ್ಲಿ ಬಿಚ್ಚಿದ ಬುತ್ತಿ, ಬಿದ್ದುಹೋದ ಲಾಳ, ರಾತ್ರಿ ಚಕ್ಕಡಿಯ ಕೆಳಗೆ ಮಲಗಿದ್ದು. ಪ್ರತಿ ಪ್ಯಾರಾ 'ಅಲ್ಲಿಂದ ಮುಂದ' ಎಂದು ಹೊರಡುತ್ತದೆ. ಗುಡ್ಡ ಕಾಣುವುದು ನಾಲ್ಕನೆಯ ಪುಟದ ನಡುವೆ, ಅಲ್ಲಿಗೆ ಕಥೆ ಮುಗಿಯಿತು. ದರ್ಶನದ ಮಾತೇ ಇಲ್ಲ. ಇದಕ್ಕೆ ಸಿಕ್ಕ ಷರಾ 'ಅನವಶ್ಯಕ ವಿಸ್ತಾರ, 15 ಸಾಲಿಗೆ ಇಳಿಸು'. ಚಕ್ಕಡಿಯ ದಾರಿಯನ್ನು ಹದಿನೈದು ಸಾಲಿಗೆ ಇಳಿಸಿದರೆ ಅದು ಬಸ್ಸಿನ ದಾರಿಯಾಗುತ್ತದೆ. ಹುಡುಗನಿಗೆ ಬೇಕಾಗಿದ್ದದ್ದು ಗುಡ್ಡವಲ್ಲ, ದಾರಿ. ದಾರಿಯ ಕಥೆಗೆ ಉದ್ದ ಬೇಕು. ಒಂದೇ ಅಳತೆಗೋಲು ಒಂದು ಮಗುವಿಗೆ 'ಹಿಗ್ಗಿಸು' ಎಂದಿತು, ಇನ್ನೊಂದಕ್ಕೆ 'ಕುಗ್ಗಿಸು' ಎಂದಿತು, ಎರಡೂ ಸಲ ತಪ್ಪಿತು.

ಕಥೆ ಹೇಳುವ ಪಾಠಗಳಲ್ಲೂ ಇದೇ ಗತಿ. ಕಾಗಕ್ಕ-ಗುಬ್ಬಕ್ಕನ ಕಥೆ ನಿಮಗೆಲ್ಲ ಗೊತ್ತು. ಮಳೆಗೆ ಕಾಗಕ್ಕನ ಸಗಣಿಯ ಮನೆ ಕರಗಿಹೋಗುತ್ತದೆ, ಅವಳು ಗುಬ್ಬಕ್ಕನ ಗಟ್ಟಿ ಮನೆಯ ಬಾಗಿಲಿಗೆ ಬಂದು ಕೂಗುತ್ತಾಳೆ. ಗುಬ್ಬಕ್ಕ ತಡೆ ತಡೆ ಎನ್ನುತ್ತಾಳೆ. ಕೂಸಿಗೆ ಎರೆಯಬೇಕು, ಉಣ್ಣಿಸಬೇಕು, ಕಣ್ಣಿಗೆ ಕಾಡಿಗೆ ಹಚ್ಚಬೇಕು, ತೊಟ್ಟಿಲು ತೂಗಬೇಕು. ಒಬ್ಬ ಪ್ರಶಿಕ್ಷಣಾರ್ಥಿ ಇದನ್ನು ಮೂರನೆಯ ತರಗತಿಗೆ ಹನ್ನೆರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದರು: ಕಾಗೆ ಸಹಾಯ ಕೋರಿತು, ಗುಬ್ಬಚ್ಚಿ ತಡವಾಗಿ ಬಾಗಿಲು ತೆರೆಯಿತು, ನೀತಿ ಇಂಥದು. ಮೌಲ್ಯಮಾಪನದ ಹಂತಕ್ಕೂ ಸಮಯ ಉಳಿಯಿತು. ಮಕ್ಕಳು ಸುಮ್ಮನೆ ಕೂತಿದ್ದರು. ಮರುದಿನ ಬೇರೊಂದು ಶಾಲೆಯಲ್ಲಿ ಮತ್ತೊಬ್ಬ ಪ್ರಶಿಕ್ಷಣಾರ್ಥಿ ಅದೇ ಕಥೆಗೆ ಇಡೀ ಅವಧಿ ತೆಗೆದುಕೊಂಡರು. ಗುಬ್ಬಕ್ಕನ ಒಂದೊಂದು ನೆಪಕ್ಕೂ ನಿಂತರು. ಮೂರನೆಯ ನೆಪದ ಹೊತ್ತಿಗೆ ಕಾಗಕ್ಕನ ಕೂಗನ್ನು ಇಡೀ ವರ್ಗವೇ ಕೂಗುತ್ತಿತ್ತು. ಒಂದು ಹುಡುಗಿಯಂತೂ ಎದ್ದು ನಿಂತು 'ತಗೀರಿ ಬಾಗಲಾ, ನೆನದ ಸಾಯತೈತಿ' ಎಂದು ಗುಬ್ಬಕ್ಕನಿಗೆ ಬೈದಳು. ಗಂಟೆ ಹೊಡೆಯಿತು, ಮೌಲ್ಯಮಾಪನದ ಪ್ರಶ್ನೆಗಳು ಉಳಿದವು, ಅಂಕ ಕಡಿಮೆಯಾದವು.

ಈ ಕಥೆಯಲ್ಲಿ ಪುನರಾವೃತ್ತಿ ಎಂದು ನಾವು ಕತ್ತರಿಸುವ ಭಾಗವೇ ಕಥೆ. ಗುಬ್ಬಕ್ಕ ಬಾಗಿಲು ತೆಗೆಯಲು ಎಷ್ಟು ಹೊತ್ತು ಮಾಡುತ್ತಾಳೋ ಅಷ್ಟು ಹೊತ್ತು ಕಾಗಕ್ಕ ಮಳೆಯಲ್ಲಿ ನೆನೆಯಬೇಕು, ಅಷ್ಟು ಹೊತ್ತು ಕೇಳುವ ಮಗುವೂ ಹೊರಗೆ ನಿಂತಿರಬೇಕು. 'ತಡವಾಗಿ ಬಾಗಿಲು ತೆರೆಯಿತು' ಎಂಬ ವಾಕ್ಯದಲ್ಲಿ ಯಾರೂ ನೆನೆಯುವುದಿಲ್ಲ. ಈ ಲೆಕ್ಕ ನಮ್ಮ ಅಜ್ಜಿಯರಿಗೆ ಯಾವ ತರಬೇತಿಯೂ ಇಲ್ಲದೆ ತಿಳಿದಿತ್ತು. ಮಗು ನಿದ್ದೆಗೆ ಜಾರುತ್ತಿದ್ದರೆ ಒಂದು ನೆಪ ಬಿಡುತ್ತಿದ್ದರು, ಕಣ್ಣು ಬಿಟ್ಟುಕೊಂಡು ಕೂತಿದ್ದರೆ ಎರಡು ಸೇರಿಸುತ್ತಿದ್ದರು.

ಬರೆಯುವವರೂ ಇದನ್ನೇ ಮಾಡಿದ್ದಾರೆ. ಮಾಸ್ತಿಯವರನ್ನು ನೋಡಿ. 'ಕೆಲವು ಸಣ್ಣ ಕಥೆಗಳು' ಬಂದದ್ದು 1920ರಲ್ಲಿ. ಅಲ್ಲಿ 'ರಂಗನ ಮದುವೆ'ಯಂಥ ಹರಟೆಯ ಧಾಟಿಯ ಕಥೆ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ, ಜಗಲಿಯ ಮೇಲೆ ಕೂತು ಹೇಳುವಷ್ಟು ಹೊತ್ತು. ಒಬ್ಬ ಸಂಗೀತಗಾರನ ಇಡೀ ಬಾಳನ್ನು ಹಿಡಿಯಬೇಕಾದಾಗ ಅವರು 1928ರಲ್ಲಿ 'ಸುಬ್ಬಣ್ಣ' ಬರೆದರು. ಅದು ಸಣ್ಣ ಕಥೆಯೂ ಅಲ್ಲ, ಕಾದಂಬರಿಯೂ ಅಲ್ಲ. ಇಂಥವುಗಳಿಗಾಗಿ ಕನ್ನಡದಲ್ಲಿ 'ನೀಳ್ಗತೆ' ಎಂಬ ಶಬ್ದವನ್ನೇ ಇಟ್ಟುಕೊಂಡಿದ್ದೇವೆ. ಕೊಡಗಿನ ಕೊನೆಯ ಅರಸನ ಪತನವನ್ನು ಹೇಳಲು ಅವರಿಗೆ 'ಚಿಕವೀರ ರಾಜೇಂದ್ರ'ದಷ್ಟು ದೊಡ್ಡ ಕಾದಂಬರಿಯೇ ಬೇಕಾಯಿತು. ಕೈ ಒಂದೇ, ಉದ್ದ ಮೂರು. ಮಾಸ್ತಿಯವರಿಗೆ ಹತ್ತರಿಂದ ಹದಿನೈದು ಸಾಲಿನ ಮಿತಿ ಹಾಕಿದ್ದರೆ ಎಂದು ಊಹಿಸಿಕೊಂಡು ನಾನು ಒಬ್ಬನೇ ನಕ್ಕಿದ್ದುಂಟು.

ಒಂದೇ ಕಥೆಗೂ ಉದ್ದ ಒಂದೇ ಇರಬೇಕಿಲ್ಲ. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರ 'ನಾಗಮಂಡಲ'ಕ್ಕೆ ಆಧಾರ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು. ಬಾಯಲ್ಲಿ ಹೇಳಿದರೆ ಸ್ವಲ್ಪ ಹೊತ್ತಿನಲ್ಲಿ ಮುಗಿಯುವಂಥವು. ಆ ಹೆಣ್ಣಿನ ಮನಸ್ಸಿನಲ್ಲಿ ಏನು ನಡೆಯಿತು ಎಂಬ ಪ್ರಶ್ನೆ ಹುಟ್ಟಿದಾಗ ಅದೇ ಕಥೆ ಒಂದು ರಾತ್ರಿಯ ನಾಟಕವಾಯಿತು. ಕೇಳುವ ಪ್ರಶ್ನೆ ಬದಲಾದರೆ ಬೇಕಾಗುವ ಹೊತ್ತೂ ಬದಲಾಗುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ನಾವು ಇರುವ ಊರಿನಲ್ಲಿ ಈ ವಾದವನ್ನು ಹೂಡಬೇಕಾಗಿ ಬಂದದ್ದೇ ಸ್ವಲ್ಪ ಸೋಜಿಗ. ಬೇಂದ್ರೆಯವರು ಈ ಊರಿನ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದವರು, ಈ ಊರಿನ ಓಣಿಯ ಮಾತಿನಲ್ಲೇ ಕವಿತೆ ಕಟ್ಟಿದವರು. ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ನವಲಗುಂದದ ಒಂದು ಮನೆತನದ ತಲೆಮಾರುಗಳ ಕಥೆ. ಧಾರವಾಡದ್ದೇ ಮನೋಹರ ಗ್ರಂಥಮಾಲೆಯಿಂದ ಬಂದು, 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರ ಮನುಷ್ಯರು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ ಆಡುವುದು ನಮ್ಮ ಸೀಮೆಯ ಮನೆಮಾತನ್ನೇ. ಅದನ್ನು ಗ್ರಾಂಥಿಕಕ್ಕೆ ತಿರುಗಿಸಿದರೆ ಘಟನೆಗಳು ಉಳಿದಾವು, ಮನುಷ್ಯರು ಉಳಿಯಲಾರರು. ಅಷ್ಟೇಕೆ, ನಮ್ಮ ಅವಳಿನಗರದ ನಡುವೆ ಓಡುವ ಬಸ್ಸಿನ ಹೆಸರು 'ಚಿಗರಿ'. ಪಠ್ಯಪುಸ್ತಕದಲ್ಲಿ ಅದು ಜಿಂಕೆ. 'ಜಿಂಕೆ ಬಂತು' ಎಂದರೆ ಜುಬಿಲಿ ಸರ್ಕಲ್ಲಿನಲ್ಲಿ ಯಾರೂ ಹತ್ತಲಿಕ್ಕಿಲ್ಲ.

ಹಾಗೆಂದು ನಾನು ಎಲ್ಲ ಕಥೆಗಳನ್ನೂ ಧಾರವಾಡದ ಮಾತಿನಲ್ಲಿ ಬರೆಸಿ ಎನ್ನುತ್ತಿಲ್ಲ. ಅದೂ ಇನ್ನೊಂದು ಅಳತೆಗೋಲೇ ಆದೀತು. ಹುಬ್ಬಳ್ಳಿಯ ಒಂದು ಶಾಲೆಯ ಒಂಬತ್ತನೆಯ ತರಗತಿಯ ಹುಡುಗ, ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರ ಸಂಜೆಯ ಬಗ್ಗೆ ಒಂದು ಕಥೆ ಬರೆದಿದ್ದ. ಚಂದ್ರನ ಮೇಲಿಳಿದ ನೌಕೆಯೇ ಮಾತಾಡುತ್ತದೆ. ಅದರ ಮಾತು ಅಚ್ಚ ಗ್ರಾಂಥಿಕ, ವಾರ್ತಾವಾಚಕರ ಕನ್ನಡ. ಅದು ಸರಿಯಾಗಿಯೇ ಇತ್ತು. ಆ ಹುಡುಗನಿಗೆ ಚಂದ್ರನ ಲೋಕ ಬಂದದ್ದು ಟೀವಿಯಿಂದ, ವಿಜ್ಞಾನದ ಪುಸ್ತಕದಿಂದ. ನೌಕೆ ಆ ಭಾಷೆಯಲ್ಲದೆ ಇನ್ನಾವುದರಲ್ಲಿ ಮಾತಾಡೀತು? ಅರಮನೆಯ ಕಥೆಗೆ, ಕಚೇರಿಯ ಕಾಗದದ ರೂಪದಲ್ಲಿ ಬರೆದ ಕಥೆಗೆ ಗ್ರಾಂಥಿಕವೇ ಒಪ್ಪುತ್ತದೆ. ಕಥೆಯನ್ನು ಯಾರು, ಯಾರಿಗೆ, ಎಲ್ಲಿ ಕೂತು ಹೇಳುತ್ತಿದ್ದಾರೆ ಎಂಬುದು ಗೊತ್ತಾದರೆ ಮಾತು ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಅಪಾಯವನ್ನು ಹೆಚ್ಚು ಕಟುವಾಗಿ ಹೇಳಬೇಕಾಗಿದೆ. ಆಡುಮಾತನ್ನು ವೇಷದ ಹಾಗೆ ತೊಡಿಸುವುದು. ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ಮಕ್ಕಳಿಂದ ಆಡಿಸಿದ ಒಂದು ಕಿರುನಾಟಕದಲ್ಲಿ ಡಾಕ್ಟರು, ಮಾಸ್ತರರು ಗ್ರಾಂಥಿಕದಲ್ಲಿ ಮಾತಾಡಿದರು. ಮಾಲಿ ಒಬ್ಬನೇ 'ಯಾಕ್ರಿ, ಹೌದ್ರಿ, ಏನ್ರಿ' ಎಂದ. ಅವನು ಬಾಯಿ ತೆಗೆದಾಗಲೆಲ್ಲ ವರ್ಗ ನಕ್ಕಿತು. ನಕ್ಕ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಅಪ್ಪ ಆಡುವುದು ಆ ಮಾಲಿಯ ಮಾತನ್ನೇ. ಜಾಣನಿಗೆ ಒಂದು ಮಾತು, ದಡ್ಡನಿಗೆ ಒಂದು ಮಾತು ಎಂದು ಹಂಚಿಕೊಟ್ಟರೆ ಮಗು ಕಲಿಯುವುದು ಭಾಷೆಯನ್ನಲ್ಲ. ವಾಕ್ಯದ ಬಾಲಕ್ಕೆ ಒಂದು 'ರೀ' ಅಂಟಿಸಿದರೆ ಧಾರವಾಡದ ಮಾತು ಆಗುವುದಿಲ್ಲ ಎಂಬುದು ಬೇರೆಯೇ ವಿಷಯ. ನಿಜವಾದ ಆಡುಮಾತಿನಲ್ಲಿ ಕ್ರಿಯಾಪದ, ವಾಕ್ಯದ ನಿಲುಗಡೆ, ಬಿಟ್ಟುಬಿಡುವ ಶಬ್ದಗಳು, ಎಲ್ಲಕ್ಕೂ ಒಂದು ಕ್ರಮವಿದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ನಮ್ಮ ಕಡೆಯವರು ಓದುವಾಗ ಮೊದಲ ಪುಟಗಳಲ್ಲಿ ತೊಡಕಾಗುತ್ತದೆ. ನಂಜನಗೂಡು-ಚಾಮರಾಜನಗರ ಸೀಮೆಯ ಆ ಮಾತು ನಮ್ಮ ಕಿವಿಗೆ ಹೊಸದು. ಆದರೆ ಅಲ್ಲಿ ಆ ಮಾತು ಪಾತ್ರಗಳಿಗೆ ಮಾತ್ರ ಕೊಟ್ಟ ಬಟ್ಟೆಯಲ್ಲ, ಕಥೆ ಹೇಳುವವನದೂ ಅದೇ ಮಾತು. ಪುಸ್ತಕ ಗಾತ್ರದಲ್ಲಿ ಪುಟ್ಟದು. ಅಷ್ಟು ಬಿಗಿಯಾದ ಮಾತಿನಲ್ಲಿ ಆರುನೂರು ಪುಟ ಬರೆದಿದ್ದರೆ ಓದುವವನ ಉಸಿರು ಕಟ್ಟುತ್ತಿತ್ತೇನೋ. ಮಾತು ಮತ್ತು ಉದ್ದ ಬೇರೆ ಬೇರೆ ಕಾಲಂಗಳಲ್ಲಿ ಅಳೆಯುವ ವಸ್ತುಗಳಲ್ಲ ಎಂದು ನನಗೆ ಅನಿಸುವುದು ಇಲ್ಲೇ.

ಹುಬ್ಬಳ್ಳಿಯ ವರ್ಗಗಳಲ್ಲಿ ಪ್ರಶ್ನೆ ಇನ್ನೂ ಒಂದು ಮಡಿಕೆ ಹೆಚ್ಚು. ಅಲ್ಲಿ ಮನೆಯಲ್ಲಿ ಉರ್ದು, ಮರಾಠಿ, ತೆಲುಗು, ಕೊಂಕಣಿ ಆಡುವ ಮಕ್ಕಳು ಕನ್ನಡದಲ್ಲಿ ಕಥೆ ಬರೆಯುತ್ತಾರೆ. 'ಅಮ್ಮಿ' ಎಂದು ಬರೆದ ಮಗುವಿಗೆ 'ತಾಯಿ' ಎಂದು ತಿದ್ದಿಕೊಟ್ಟ ನೋಟ್‌ಬುಕ್ಕು ನನ್ನ ಕಣ್ಣಿಗೆ ಬಿದ್ದಿದೆ. 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದದ್ದು ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ. ಆ ಪ್ರಶಸ್ತಿ ಒಂದು ಸಣ್ಣಕಥೆಗಳ ಸಂಕಲನಕ್ಕೆ ದೊರೆತದ್ದು ಅದೇ ಮೊದಲು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬಿ ಶಬ್ದಗಳನ್ನು ಇಂಗ್ಲಿಷಿನ ನಡುವೆ ಹಾಗೆಯೇ ಬಿಟ್ಟರು, ಓರೆ ಅಕ್ಷರ ಮಾಡಲಿಲ್ಲ, ಅಡಿಟಿಪ್ಪಣಿ ಹಾಕಲಿಲ್ಲ. ಲಂಡನ್ನಿನ ತೀರ್ಪುಗಾರರಿಗೆ ತೊಡಕಾಗದ ಮನೆಯ ಶಬ್ದ, ಹಳೇ ಹುಬ್ಬಳ್ಳಿಯ ಶಾಲೆಯಲ್ಲಿ ನಮಗೆ ಯಾಕೆ ತೊಡಕಾಗಬೇಕು? ಒಂದು ಮನೆಯವರಿಗಷ್ಟೇ ತಿಳಿಯುವ ಶಬ್ದ ಒಂದು ಇಡೀ ಕೃತಿಯನ್ನು ಹೊರಬಲ್ಲದು ಎಂಬುದಕ್ಕೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ. ಯಾವ ನಿಘಂಟಿನಲ್ಲೂ ಇರದ ಆ ಶಬ್ದ ಬಿಟ್ಟು 'ಗೋಜಲು' ಎಂದು ಹೆಸರಿಟ್ಟಿದ್ದರೆ ಆ ಕುಟುಂಬದ ಒಳಕೋಣೆಗೆ ನಮಗೆ ಪ್ರವೇಶವೇ ಇರುತ್ತಿರಲಿಲ್ಲ.

ಸಹೋದ್ಯೋಗಿಗಳು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಗು 'ಮಾರಾಕ' ಎಂದು ಬರೆದರೆ ಅಂಕ ಕೊಡುವವರು ಯಾರು? ಪ್ರಶ್ನೆ ನ್ಯಾಯವಾದದ್ದು. ಗ್ರಾಂಥಿಕ ಕನ್ನಡವನ್ನು ಕಲಿಸದೆ ಬಿಡುವ ಅಧಿಕಾರ ನಮಗಿಲ್ಲ. ಅದು ಇಲ್ಲದಿದ್ದರೆ ಆ ಉಳ್ಳಾಗಡ್ಡಿಯ ಹುಡುಗಿ ನಾಳೆ ಒಂದು ಅರ್ಜಿ ಬರೆಯಲೂ ಇನ್ನೊಬ್ಬರ ಕೈ ಹಿಡಿಯಬೇಕು. ಆದರೆ ಅದನ್ನು ಕಲಿಸಲು ಪತ್ರಲೇಖನವಿದೆ, ಪ್ರಬಂಧವಿದೆ, ಸಾರಾಂಶ ಬರವಣಿಗೆಯಿದೆ, ವರದಿಯಿದೆ. ಮಗು ತನ್ನ ಮನೆಯ ಬಾಗಿಲು ತೆರೆದು ತೋರಿಸುವುದು ಕಥೆಯಲ್ಲಿ ಮಾತ್ರ, ಅಲ್ಲಿಯೇ ಕೆಂಪು ಮಸಿ ಹಿಡಿದು ಕಾಯುವುದು ಬೇಡ. ಇನ್ನೂ ಒಂದು ಉಪಾಯ ಇದೆ. ಈ ಸಲ ಒಬ್ಬ ಪ್ರಶಿಕ್ಷಣಾರ್ಥಿ ತಾವೇ ಯೋಚಿಸಿ ಮಾಡಿದ್ದು. ಮಗುವಿನ ಎರಡು ವಾಕ್ಯಗಳನ್ನು ಇದ್ದ ಹಾಗೆ ಕರಿಹಲಗೆಯ ಎಡಕ್ಕೆ ಬರೆದರು, ಅದನ್ನೇ ಪತ್ರಿಕೆಯ ವರದಿಗಾರ ಬರೆದರೆ ಹೇಗೆ ಬರೆಯುತ್ತಾನೆ ಎಂದು ಕೇಳಿ ಬಲಕ್ಕೆ ಮಕ್ಕಳಿಂದಲೇ ಹೇಳಿಸಿ ಬರೆದರು. 'ಮಾರಾಕ' ಮತ್ತು 'ಮಾರಲು' ಅಕ್ಕಪಕ್ಕ ನಿಂತವು. ಎರಡೂ ಉಳಿದವು. ಚತುರ್ಥಿ ವಿಭಕ್ತಿಯ ಬಗ್ಗೆ ಒಂದು ಅವಧಿ ಕೊರೆದರೂ ತಿಳಿಯದ ವ್ಯತ್ಯಾಸ 'ನನಗ' ಮತ್ತು 'ನನಗೆ' ಪಕ್ಕಪಕ್ಕ ಬಂದಾಗ ಹತ್ತು ನಿಮಿಷದಲ್ಲಿ ತಿಳಿಯಿತು.

ಉದ್ದದ ಬಗ್ಗೆಯೂ ಇಂಥದೇ ಸರಳ ದಾರಿ ಇದೆ. ಕಥೆಯನ್ನು ಬರೆದವರಲ್ಲದೆ ಇನ್ನೊಬ್ಬರು ಗಟ್ಟಿಯಾಗಿ ಓದಲಿ, ವರ್ಗ ಕೇಳಲಿ. ಮಕ್ಕಳು 'ಮುಂದ ಏನಾತ್ರಿ ಸರ?' ಎಂದು ಕೇಳಿದರೆ ಕಥೆ ಇನ್ನೂ ಮುಗಿದಿಲ್ಲ. ಬೆಂಚಿನ ಮೇಲೆ ಸರಿದಾಡತೊಡಗಿದರೆ ಅದು ಆಗಲೇ ಮುಗಿದಿತ್ತು, ಬರೆದವರಿಗೆ ಗೊತ್ತಾಗಲಿಲ್ಲ. ಉಳ್ಳಾಗಡ್ಡಿಯ ಕಥೆ ಓದಿದಾಗ ಎರಡೂ ಆಗಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ 'ನಮ್ಮಪ್ಪನೂ ಹಂಗ ಬಂದಿದ್ದ' ಎಂದ, ಅಷ್ಟೇ.

ಹಾಗಾದರೆ ಪತ್ರದಲ್ಲಿ ಏನು ಇರಬೇಕು? ನನ್ನ ಸೂಚನೆ ಇದು. ಭಾಷೆಯ ಕಾಲಂನಲ್ಲಿ 'ಈ ಕಥೆಯನ್ನು ಹೇಳುವವರ ಮಾತು ಇದೇ ಎಂದು ನಂಬಿಕೆ ಬರುತ್ತದೆಯೇ?' ಎಂದಿರಲಿ. ಮಿತಿಯ ಕಾಲಂನಲ್ಲಿ ಸಾಲುಗಳ ಸಂಖ್ಯೆ ಹೋಗಲಿ, 'ಯಾವ ವಾಕ್ಯ ತೆಗೆದರೆ ಕಥೆಗೆ ನಷ್ಟವಿಲ್ಲ? ಎಲ್ಲಿ ಒಂದು ವಾಕ್ಯ ಸಾಲದು?' ಎಂದು ಬರಲಿ, ಉತ್ತರ ಬರೆಯಲು ಎರಡು ಗೆರೆ ಜಾಗ ಇರಲಿ. ಇದು ಮೇಲ್ವಿಚಾರಕರ ರುಚಿಗೆ ಬಿಟ್ಟ ಮಾತಾಯಿತು, ವಸ್ತುನಿಷ್ಠವಲ್ಲ ಎಂಬ ಆಕ್ಷೇಪ ಬರುತ್ತದೆ. ಅದೇ ಹಾಳೆಯಲ್ಲಿ 'ಧ್ವನಿಯ ಏರಿಳಿತ'ಕ್ಕೆ, 'ವರ್ಗದ ಲವಲವಿಕೆ'ಗೆ ನಾವು ವರ್ಷಗಳಿಂದ ಅಂಕ ಕೊಡುತ್ತಲೇ ಬಂದಿದ್ದೇವೆ, ಯಾರೂ ತಕ್ಕಡಿ ಕೇಳಲಿಲ್ಲ.

ಮುಂದಿನ ವರ್ಷದ ಪತ್ರಗಳು ಜೂನ್‌ನಲ್ಲಿ ಅಚ್ಚಿಗೆ ಹೋಗುತ್ತವೆ. ಅದಕ್ಕೆ ಮುಂಚೆ ಒಂದು ಶನಿವಾರ ಮಧ್ಯಾಹ್ನ ಎಲ್ಲ ಪದ್ಧತಿಗಳ ಮಾಸ್ತರರೂ ಕೂಡೋಣ, ಕನ್ನಡದವರಷ್ಟೇ ಅಲ್ಲ. ಗಣಿತದವರು ಬಂದರೆ ಇನ್ನೂ ಒಳ್ಳೆಯದು, ಅವರು ಕಥೆಯನ್ನು ಸುಮ್ಮನೆ ಓದುತ್ತಾರೆ. ಈ ಸಲದ ಇಪ್ಪತ್ತು ಕಥೆಗಳನ್ನು, ಮಕ್ಕಳ ಮತ್ತು ಶಾಲೆಗಳ ಹೆಸರು ಮುಚ್ಚಿ, ತಿದ್ದುಪಡಿಯಿಲ್ಲದ ಪ್ರತಿ ಮಾಡಿಸಿ ಇಟ್ಟಿದ್ದೇನೆ. ಹಳೆಯ ಕಾಲಂಗಳಿಂದ ಒಂದು ಸಲ, ಹೊಸ ಪ್ರಶ್ನೆಗಳಿಂದ ಒಂದು ಸಲ ಅಂಕ ಹಾಕಿ, ಎರಡು ಪಟ್ಟಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಮಾತಾಡೋಣ. ಚಹಾದ ಖರ್ಚು ನನ್ನದು.